ಕಾಲುವೆಯ ಬಾಯಿಗೆ ಇಟ್ಟ ಕಲ್ಲು

ದೆವ್ವ ಎಂದರೆ ಬಿಳಿ ಸೀರೆ, ಗೆಜ್ಜೆ ಸಪ್ಪಳ ಎನ್ನುವವರನ್ನು ಕಂಡರೆ ನನಗೆ ಇಂದಿಗೂ ನಗು. ನನ್ನದು ಅಂಥ ಕಥೆಯಲ್ಲ. ನಂಬದವರು ಝಳಕಿಯ ಹತ್ತಿರದ ನಮ್ಮ ನಿಂಬೆ ತೋಟಕ್ಕೆ ಬಂದು, ಒಂದು ರಾತ್ರಿ ಒಬ್ಬರೇ ನೀರು ತಿರುವಲಿ. ಆಮೇಲೆ ಬಾಯಿ ತೆರೆಯಲಿ.

ನಾನು ಐದನೆಯ ಇಯತ್ತೆಗೇ ಶಾಲೆ ಬಿಟ್ಟವಳು. ತಮ್ಮ ಶಿವು ಕಲ್ಲುಗಳ ಬಗ್ಗೆ ದೊಡ್ಡ ಓದು ಓದುತ್ತಿದ್ದ. ಕಲ್ಲು ಓದಲು ಇಷ್ಟು ವರ್ಷ ಬೇಕೇ ಎಂದು ನಾಲ್ಕು ಮಂದಿಯ ಮುಂದೆ ಆಡಿಕೊಳ್ಳುತ್ತಿದ್ದೆ. ಒಮ್ಮೆ ಹಡಗು ಹತ್ತಿ, ದಕ್ಷಿಣದ ಹಿಮದ ನಾಡಿಗಿಂತ ಸ್ವಲ್ಪ ಈಚೆಗಿರುವ ಸಣ್ಣ ನಡುಗಡ್ಡೆಗೆ ಹೋಗಿ ಬಂದ. ನಂಬರು ಬರೆದ ಬಟ್ಟೆ ಚೀಲದಲ್ಲಿ ಕರಿ ಕಲ್ಲೊಂದನ್ನು ತಂದಿದ್ದ.

“ಅಲ್ಲಿ ನರಪಿಳ್ಳಿ ಸೈತ ಇಲ್ಲ ಅಕ್ಕಾ. ಒಂದು ಗಿಡಾನೂ ಇಲ್ಲ. ನಡುವ ಬೆಂಕಿ ಕಾರಿದ ಗುಡ್ಡ, ಅದರ ನೆತ್ತಿ ಮ್ಯಾಲ ಹಿಮ, ಸುತ್ತ ಕರಿ ಉಸುಕು.”

“ಗಿಡ ಇಲ್ಲಂದ್ರ ಹಕ್ಕಿ ಎಲ್ಲಿ ಕುಂದರ್ತಾವಲೇ?”

“ನೆಲದಾಗ ಬಿಲ ತೋಡಿರ್ತಾವ. ಹಗಲೆಲ್ಲಾ ಸುಮ್ನ. ರಾತ್ರಿ ಆದ್ರ ಒಳಗಿಂದ ಕೂಸಿನಂಗ ಅಳ್ತಾವ.”

“ಅವಕ್ಕೂ ನಿನ್ನಷ್ಟ ಬುದ್ಧಿ ನೋಡು!”

ಅವನು ನಗುತ್ತಲೇ, ಓದುವ ಊರಲ್ಲಿ ಹೊಸ ಕೋಣೆ ಸಿಗುವ ತನಕ ಕಲ್ಲು ಜೋಪಾನ ಎಂದು ಹೇಳಿ ಹೋದ.

ನಮ್ಮ ಹೊಲದಲ್ಲಿ ಕರಿ ಕಲ್ಲಿಗೆ ಬರವೇ? ಒಂದು ದಿನ ಕಾಲುವೆಯ ಬಾಯಿ ಕಟ್ಟಲು ಅದನ್ನೇ ಇಟ್ಟು ಮಣ್ಣು ಬಡಿದೆ. ಶಿವು ಕೇಳಿಕೊಂಡು ಬಂದಾಗ ಮತ್ತೆ ತೋಡುವ ಬೇಸರಕ್ಕೆ, ಬದುವಿನ ಕಲ್ಲೊಂದನ್ನು ಅದೇ ಚೀಲಕ್ಕೆ ಹಾಕಿ ಕೊಟ್ಟೆ. ಅಕ್ಕ ಕೊಟ್ಟದ್ದು... ಬಿಚ್ಚಿ ನೋಡದೇ ಒಯ್ದ.

ಕೊರೆದು ಪರೀಕ್ಷೆ ಮಾಡಿದಾಗ ಬಯಲಾಯಿತು. ಆ ನಡುಗಡ್ಡೆ ಭೂಮಿಯ ಲೆಕ್ಕದಲ್ಲಿ ನಿನ್ನೆ ಹುಟ್ಟಿದ ಕೂಸಂತೆ, ನಮ್ಮ ಹೊಲದ ಕಲ್ಲು ಅದರ ಮುತ್ತಜ್ಜನಂತೆ. ಊರ ಕಲ್ಲು ತಂದು ಸುಳ್ಳು ಹೇಳಿದ ಎಂದು ಅವನ ಗುರುಗಳು ಓದನ್ನೇ ನಿಲ್ಲಿಸಲು ಹೊರಟರು.

“ನಾನ ಎಲ್ಲೋ ಅದಲಿ ಬದಲಿ ಮಾಡೀನೇನೋ ಅಕ್ಕಾ...” ಎಂದು ಫೋನಿನಲ್ಲಿ ಅತ್ತ. ನಾನು ಬಾಯಿ ಬಿಡಲಿಲ್ಲ. ಒಳಗೆಲ್ಲೋ ಖುಷಿಯೂ ಆಗಿತ್ತು. ನನ್ನಂಥ ಹೆಂಗಸಿಗೆ ಉಗಿಯಬೇಕು.

ಆ ವಾರವೇ ಅದು ನಡೆದದ್ದು. ನಮ್ಮವರು ನಿಂಬೆಹಣ್ಣು ಮಾರಲು ಸೊಲ್ಲಾಪುರಕ್ಕೆ ಹೋಗಿದ್ದರು. ರಾತ್ರಿ ಕರೆಂಟ್ ಬಂದಾಗ ಪಂಪ್ ಹಾಕಿ, ಸಲಿಕೆ ಹಿಡಿದು ಹೊರಟೆ. ಎಲೆಯೂ ಅಲುಗದ ಸೆಕೆ.

ಕಾಲುವೆಯ ಬಾಯಿಯ ಹತ್ತಿರ ಬಂದೆ. ಬೆನ್ನಿಗೆ ತಣ್ಣನೆಯ ಗಾಳಿ ಬಡಿಯಿತು... ಜೊತೆಗೆ ಉಪ್ಪುಪ್ಪು ನಾತ, ಕೊಳೆತ ಮೀನಿನದು. ನಾನು ಸಮುದ್ರ ಕಂಡವಳೇ ಅಲ್ಲ.

ಆಮೇಲೆ ಅಳು. ಮುಂದಿನಿಂದಲ್ಲ, ಹಿಂದಿನಿಂದಲ್ಲ... ಕಾಲ ಕೆಳಗಿಂದ. ಮೊದಲು ಒಂದು. ಆಮೇಲೆ ಹತ್ತು. ಆಮೇಲೆ ಇಡೀ ತೋಟದ ನೆಲವೇ ಅಳತೊಡಗಿತು.

ಸಲಿಕೆಯಿಂದ ಕಲ್ಲನ್ನು ಕಿತ್ತೆ. ಗಪ್ಪನೆ ಎಲ್ಲ ನಿಂತಿತು. ಕಲ್ಲು ಮಾತ್ರ ಕೈ ಮರಗಟ್ಟುವಷ್ಟು ತಣ್ಣಗಿತ್ತು. ಮನೆಗೆ ಓಡಿ ಅಗಳಿ ಹಾಕಿದೆ. ಕಲ್ಲನ್ನು ಮಡಿಲಲ್ಲಿಟ್ಟುಕೊಂಡೇ ಶಿವುಗೆ ಫೋನ್ ಮಾಡಿ, ಚೀಲದ ಮೋಸವನ್ನೆಲ್ಲ ಹೇಳಿಬಿಟ್ಟೆ.

ಬೈಯಲಿ ಎಂದು ಕಾದೆ.

“ಅಕ್ಕಾ,” ಪಿಸುಗುಟ್ಟಿದ, “ನೀ ಎಲ್ಲಿ ಕುಂತೀ?”

“ಮನ್ಯಾಗ. ಬಾಗಲಾ ಹಾಕೇನಿ.”

“ಮತ್ತ ನಿನ್ನ ಹಿಂದ ಆ ಹಕ್ಕಿ ಯಾಕ ಅಳಾಕತ್ತಾವು?”

ನನಗೆ ಗೋಡೆ ಗಡಿಯಾರದ ಸಪ್ಪಳ ಬಿಟ್ಟರೆ ಏನೂ ಕೇಳಿಸುತ್ತಿರಲಿಲ್ಲ...

ಮರುದಿನವೇ ಕಲ್ಲನ್ನು ಅವನಿಗೆ ಮುಟ್ಟಿಸಿದೆ. ಅವನ ಓದೂ ಉಳಿಯಿತು, ಹೆಸರೂ ಉಳಿಯಿತು. ಆದರೆ ಈಗಲೂ ನಾನು ಫೋನ್ ಮಾಡಿದರೆ, ಮಾತಾಡುವ ಮೊದಲು ಅವನು ಸ್ವಲ್ಪ ಹೊತ್ತು ಸುಮ್ಮನೆ ಕಿವಿಗೊಡುತ್ತಾನೆ.

ಏನು ಕೇಳಿಸಿತು ಎಂದು ನಾನು ಕೇಳುವುದಿಲ್ಲ. ಅವನೂ ಹೇಳುವುದಿಲ್ಲ.