ಹವ್ಯಾಸ ಸರಿ, ಕೆಲಸ ಏನು?

ನನ್ನ ವೃತ್ತಿಗೆ ಕನ್ನಡದಲ್ಲಿ ಹೆಸರಿಟ್ಟವರು ಯಾರೋ ತಿಳಿಯದು. ಸಿಕ್ಕರೆ ಒಂದು ಲೋಟ ಕಾಫಿ ಕುಡಿಸಿ ಎರಡು ಮಾತು ಕೇಳಬೇಕೆಂದಿದೆ. ಯಾವ ಪತ್ರಿಕೆಯ ಸಂಬಳಕ್ಕೂ ಸೇರದೆ ಹತ್ತಾರು ಪತ್ರಿಕೆಗಳಿಗೆ ಬರೆದು ಬದುಕುವವನನ್ನು ಇಂಗ್ಲಿಷಿನವರು ಫ್ರೀಲಾನ್ಸರ್ ಎನ್ನುತ್ತಾರೆ. ಆ ಪದದ ಹೊಟ್ಟೆಯಲ್ಲಿ ‘ಲಾನ್ಸ್’ ಎಂಬ ಒಂದು ಈಟಿ ಇದೆ. ಯಾವ ದೊರೆಗೂ ಸೇರದೆ, ಕರೆದವರ ಪರವಾಗಿ ಈಟಿ ಹಿಡಿದು ಹೋಗುವ ಬಾಡಿಗೆ ಸೈನಿಕನಂತೆ ಅವನು. ಕನ್ನಡಕ್ಕೆ ಬರುವಷ್ಟರಲ್ಲಿ ಈಟಿ ದಾರಿಯಲ್ಲೆಲ್ಲೋ ಬಿದ್ದುಹೋಗಿ, ಸೈನಿಕ ‘ಹವ್ಯಾಸಿ ಪತ್ರಕರ್ತ’ನಾದ. ಹವ್ಯಾಸವೆಂದರೆ ಅಂಚೆಚೀಟಿ ಕೂಡಿಡುವುದು, ಭಾನುವಾರ ಕೇರಂ ಆಡುವುದು. ನಾನು ಬೆಳಗಿನಿಂದ ಸಂಜೆಯವರೆಗೆ ಬೆನ್ನು ನೋಯಿಸಿಕೊಂಡು ಮಾಡುವುದೂ ಆ ಸಾಲಿಗೆ ಸೇರಿತು. ಬ್ಲ್ಯಾಕ್ ಹೋಲಿಗೆ ಕೃಷ್ಣರಂಧ್ರ ಸರಿಯೋ ಕಪ್ಪು ಕುಳಿ ಸರಿಯೋ ಎಂದು ವಾರಗಟ್ಟಲೆ ತಲೆ ಕೆಡಿಸಿಕೊಂಡ ನನಗೆ ನನ್ನದೇ ಕೆಲಸಕ್ಕೊಂದು ಒಳ್ಳೆಯ ಪದ ಹೊಳೆಯಲಿಲ್ಲ.

ಇದರಿಂದ ಏನಾದೀತು ಎನ್ನುತ್ತೀರೇನೋ. ಮನೆ ತಪ್ಪಿಹೋಗುವುದರಲ್ಲಿತ್ತು.

ತೊಂಬತ್ತರ ದಶಕದ ನಡುವಿನ ಮಾತು. ನಾವು ಬಿ.ಟಿ.ಎಂ. ಲೇಔಟಿನಲ್ಲಿ ಮೂರನೇ ಮಹಡಿಯ ಮನೆಯಲ್ಲಿದ್ದೆವು. ನೀರು ಎರಡನೇ ಮಹಡಿಯವರೆಗೆ ಮಾತ್ರ ಹತ್ತುತ್ತಿತ್ತು. ಅಲ್ಲಿಂದ ಮುಂದೆ ನಾನು ಬಿಂದಿಗೆ ಹೊರುತ್ತಿದ್ದೆ. ಮಗಳಿಗೆ ಎಂಟು ತಿಂಗಳು. ಅಷ್ಟರಲ್ಲಿ ಮಾಲೀಕರ ಮಗನಿಗೆ ಮದುವೆ ಗೊತ್ತಾಗಿ, ತಿಂಗಳೊಳಗೆ ಖಾಲಿ ಮಾಡಿ ಎಂದರು. ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದ ಹಿರಿಯರು ಬೆಂಗಳೂರಿನಲ್ಲಿ ಬಾಡಿಗೆ ಮನೆ ಹುಡುಕಿ ನೋಡಿರಲಿಲ್ಲ. ಮೂರು ವಾರ ಅಲೆದ ಮೇಲೆ ಜಯನಗರ ಒಂಬತ್ತನೇ ಬ್ಲಾಕಿನಲ್ಲಿ ಒಂದು ಮನೆ ಸಿಕ್ಕಿತು. ಕೆಳಗೆ ಮಾಲೀಕರು, ಮೇಲೆ ಬಾಡಿಗೆಗೆ ಎರಡು ಕೋಣೆ. ಹೆಂಡತಿ ವಸುಧಾ ಅಡುಗೆಮನೆಗೆ ಹೋಗಿ ನಲ್ಲಿ ತಿರುಗಿಸಿದಳು. ನೀರು ಬಂತು. ಅವಳು ಸ್ವಲ್ಪ ಹೊತ್ತು ನಲ್ಲಿ ನಿಲ್ಲಿಸಲೇ ಇಲ್ಲ, ಸುಮ್ಮನೆ ನೋಡುತ್ತ ನಿಂತಳು. ಈ ಮನೆಯನ್ನು ಬಿಡಬಾರದು ಎಂದು ನನಗೆ ಆಗಲೇ ಅನ್ನಿಸಿತು.

ಮಾಲೀಕರು ಸೀತಾರಾಮಯ್ಯ, ನಿವೃತ್ತ ಗಣಿತದ ಮೇಷ್ಟ್ರು.

“ಏನ್ ಕೆಲ್ಸ ಮಾಡ್ಕೊಂಡಿದೀರಿ?” ಎಂದರು.

“ಹವ್ಯಾಸಿ ಪತ್ರಕರ್ತ ಸಾರ್. ವಿಜ್ಞಾನದ ಬಗ್ಗೆ ಬರೀತೀನಿ.”

“ಹವ್ಯಾಸ ಇರ್ಬೇಕು, ತುಂಬಾ ಒಳ್ಳೇದು. ನಾನೂ ಗುಲಾಬಿ ಬೆಳೀತೀನಿ. ಕೆಲ್ಸ ಏನು?”

“ಅದೇ ಸಾರ್ ಕೆಲ್ಸ.”

ಅವರು ಕನ್ನಡಕ ತೆಗೆದು ಒರೆಸಿಕೊಂಡರು. “ಯೋಚ್ನೆ ಮಾಡಿ ಹೇಳ್ತೀನಿ, ಫೋನ್ ನಂಬರ್ ಕೊಟ್ಟೋಗಿ” ಎಂದರು. ಇನ್ನೊಬ್ಬರು ಬ್ಯಾಂಕಿನವರು ಬಂದು ನೋಡಿಕೊಂಡು ಹೋಗಿದ್ದಾರೆ ಎಂಬುದನ್ನೂ ಸೇರಿಸಿದರು. ದಾರಿಯಲ್ಲಿ ವಸುಧಾ, “ಒಂದ್ಸಲ ಬರೀ ‘ಪ್ರೆಸ್ಸು’ ಅಂದಿದ್ರೆ ಏನಾಗ್ತಿತ್ತು ನಿಮ್ಗೆ? ಈ ಮನೆ ಕೈ ತಪ್ಪಿದ್ರೆ ಆ ನೀರೆಲ್ಲ ನೀವೇ ಹೊರ್ಬೇಕು, ನೆನಪಿರ್ಲಿ” ಎಂದಳು. ನೀರು ಹೊರುತ್ತಿದ್ದವನು ಮೊದಲಿನಿಂದಲೂ ನಾನೇ ಎಂದು ಹೇಳುವ ಸಮಯ ಅದಾಗಿರಲಿಲ್ಲ.

ನಾನು ಕೊಟ್ಟಿದ್ದು ಪಿ.ಪಿ. ನಂಬರು. ಈಗಿನವರಿಗೆ ಇದು ಗೊತ್ತಿರಲಾರದು: ಸ್ವಂತ ಫೋನಿಲ್ಲದವರು ಪಕ್ಕದವರ ನಂಬರನ್ನು ತಮ್ಮದೆಂಬಂತೆ ಕೊಟ್ಟು, ಮುಂದೆ ಪಿ.ಪಿ. ಎಂದು ಬರೆಯುತ್ತಿದ್ದರು. ನನ್ನ ಪಿ.ಪಿ. ನಮ್ಮ ಬೀದಿಯ ಎಸ್.ಟಿ.ಡಿ. ಬೂತು. ಅದರ ಯಜಮಾನ ಬಸವರಾಜ ಹುಬ್ಬಳ್ಳಿ ಕಡೆಯವನು. ನನ್ನ ಆಫೀಸೆಂದರೆ ಅವನ ಗಾಜಿನ ಗೂಡೇ. ಅಲ್ಲಿಂದಲೇ ನಾನು ವಿಜ್ಞಾನಿಗಳಿಗೆ ಫೋನು ಮಾಡುತ್ತಿದ್ದೆ.

ವಿಜ್ಞಾನಿಗಳೊಡನೆ ಮಾತಾಡುವುದಕ್ಕೆ ಒಂದೇ ವಿದ್ಯೆ ಸಾಕು: ‘ಅರ್ಥ ಆಗಲಿಲ್ಲ ಸಾರ್, ಇನ್ನೊಂದ್ಸಲ ಹೇಳಿ’ ಎನ್ನುವುದು. ಮೊದಲ ಸಲ ಅವರು ತಮ್ಮ ಸಹೋದ್ಯೋಗಿಗಳಿಗೆ ಹೇಳುವಂತೆ ಹೇಳುತ್ತಾರೆ. ಎರಡನೇ ಸಲ ವಿದ್ಯಾರ್ಥಿಗಳಿಗೆ ಹೇಳುವಂತೆ, ಸ್ವಲ್ಪ ಗದರಿ. ಮೂರನೇ ಸಲಕ್ಕೆ ಬೇಸತ್ತು ಮನೆಯವರಿಗೆ ಹೇಳುವಂತೆ ಹೇಳುತ್ತಾರೆ. ಆಗ ನನ್ನ ಪೆನ್ನಿಗೆ ಜೀವ ಬರುತ್ತದೆ. ಮನೆ ನೋಡಿ ಬಂದ ಮರುದಿನವೂ ಕಪ್ಪೆಗಳ ಬಗ್ಗೆ ಸಂಶೋಧನೆ ಮಾಡುವ ಒಬ್ಬರ ಜೊತೆ ಹಾಗೇ ಆಗಿತ್ತು. ಕೆಲವು ಗಂಡು ಕಪ್ಪೆಗಳು ತಾವು ಕೂಗದೆ, ಜೋರಾಗಿ ಕೂಗುವವನ ಪಕ್ಕದಲ್ಲಿ ಸುಮ್ಮನೆ ಕೂತಿರುತ್ತವಂತೆ. ಯಾಕೆ ಎಂದು ಎರಡು ಸಲ ಹೇಳಿದರೂ ನನ್ನ ತಲೆಗೆ ಹತ್ತಲಿಲ್ಲ. ಮೂರನೇ ಸಲ ಅವರು ರೇಗಿ, “ಹೆಣ್ಣನ್ನ ಕೂಗಿ ಕರೆಯೋನು ಒಬ್ಬ, ಮಧ್ಯದಾರೀಲಿ ಮದ್ವೆ ಆಗೋನು ಇನ್ನೊಬ್ಬ ಕಣ್ರೀ!” ಎಂದರು.

ಅದನ್ನು ಬರೆದುಕೊಂಡು ಗೂಡಿನಿಂದ ಹೊರಬರುತ್ತಿದ್ದಂತೆ ಮೇಜಿನ ಮೇಲಿನ ಫೋನು ಬಡಿದುಕೊಂಡಿತು. ಬಸವರಾಜ ಎತ್ತಿದ.

“ಹೌದ್ರಿ, ಇಲ್ಲೇ ಅದಾರ್ರಿ… ಯಾರು, ಮನಿ ಮಾಲಕರೇನ್ರಿ?… ಮನುಷ್ಯಾ ಭಾಳ ಛಲೋರಿ.” ನಾನು ಉಬ್ಬಿದೆ. “ಕೆಲಸ ಏನಂತ ನನಗೂ ಗೊತ್ತಿಲ್ರಿ.” ಇಳಿದೆ. “ದಿನಾ ಬರ್ತಾರ, ದೊಡ್ಡ ದೊಡ್ಡ ಮಂದಿಗೆ ಫೋನ್ ಹಚ್ಚತಾರ, ‘ತಿಳೀಲಿಲ್ಲ, ಇನ್ನೊಮ್ಮೆ ಹೇಳ್ರಿ’ ಅಂತಾರ. ಅವರು ಹೇಳ್ತಾರ. ಇವರು ಮತ್ತ ‘ತಿಳೀಲಿಲ್ಲ’ ಅಂತಾರ. ಮೂರು ವರ್ಷಾತ್ರಿ, ಪಾಪ, ಇನ್ನೂ ಏನೂ ತಿಳದಂಗ ಕಾಣಂಗಿಲ್ಲ.”

ನಾನು ಎರಡೂ ಕೈ ಮುಗಿದು, ಸಾಕು ನಿಲ್ಲಿಸಪ್ಪಾ ಎಂದು ಸನ್ನೆ ಮಾಡಿದೆ. ಅವನು ಅದನ್ನು ಇನ್ನಷ್ಟು ಹೊಗಳು ಎಂದು ತಿಳಿದುಕೊಂಡ. “ಆದ್ರ ಒಂದು ಮಾತ್ರಿ ಸರ, ತಿಳೀದಿದ್ದನ್ನ ತಿಳದೈತಿ ಅನ್ನಂಗಿಲ್ಲ” ಎಂದು ರಿಸೀವರನ್ನು ನನ್ನ ಕೈಗೆ ಕೊಟ್ಟ. ಬ್ಯಾಂಕಿನವರು ಮನೆಯೊಳಗೆ ಹಾಲು ಉಕ್ಕಿಸುತ್ತಿರುವ ದೃಶ್ಯ ನನ್ನ ಕಣ್ಣಿಗೆ ಕಟ್ಟಿತ್ತು.

ಆ ಕಡೆ ಮೇಷ್ಟ್ರು ನಗುತ್ತಿದ್ದರು. “ಮೂವತ್ತೈದು ವರ್ಷ ಪಾಠ ಹೇಳಿದೀನಿ ಕಣ್ರೀ. ಅರ್ಥ ಆಯ್ತೇನ್ರೋ ಅಂದ್ರೆ ಇಡೀ ಕ್ಲಾಸು ‘ಆಯ್ತು ಸಾರ್’ ಅನ್ನೋದು. ಆಗ್ಲಿಲ್ಲ ಅಂತ ಎದ್ದು ನಿಂತೋರನ್ನ ಬೆರಳಲ್ಲಿ ಎಣಿಸ್ಬೋದು. ಅದನ್ನೇ ಕಸುಬು ಮಾಡ್ಕೊಂಡಿರೋರು ಇದಾರೆ ಅಂತ ಗೊತ್ತಿರ್ಲಿಲ್ಲ. ಭಾನುವಾರ ಬಂದು ಹಾಲು ಉಕ್ಕಿಸ್ಕೊಳ್ಳಿ.”

ಕರಾರು ಪತ್ರದಲ್ಲಿ ಉದ್ಯೋಗ ಎಂದಿದ್ದ ಕಡೆ ನಾನು ಅಭ್ಯಾಸಬಲದಿಂದ ‘ಹವ್ಯಾಸಿ ಪತ್ರಕರ್ತ’ ಎಂದು ಬರೆದಿದ್ದೆ. ಮೇಷ್ಟ್ರು ಕೆಂಪು ಪೆನ್ನು ತೆಗೆದು ‘ಹವ್ಯಾಸಿ’ಯನ್ನು ಹೊಡೆದು ಹಾಕಿದರು. ಅಷ್ಟು ವರ್ಷದಲ್ಲಿ ನನಗೆ ಯಾರೂ ಕೊಡದಿದ್ದ ಬಡ್ತಿ ಅದು.

ಆ ಖುಷಿ ಎರಡು ವಾರ ಬಾಳಿತು. ಕಪ್ಪೆಯ ಲೇಖನ ಅಚ್ಚಾದ ದಿನ ಮೇಷ್ಟ್ರು ಪತ್ರಿಕೆ ಹಿಡಿದು ಮೆಟ್ಟಿಲು ಹತ್ತಿ ಬಂದರು. ಮೂರನೇ ಪ್ಯಾರಾದ ಮೇಲೆ ಬೆರಳಿಟ್ಟು, “ಸುಮ್ನಿರೋ ಕಪ್ಪೆ ಯಾರ ಪಕ್ಕ ಕೂತ್ಕೋಬೇಕು ಅಂತ ಹೇಗೆ ತೀರ್ಮಾನ ಮಾಡುತ್ತೆ? ‘ಶಬ್ದತರಂಗಗಳ ತೌಲನಿಕ ಅವಲೋಕನದಿಂದ’ ಅಂತ ಬರ್ದಿದೀರಿ. ಅರ್ಥ ಆಗ್ಲಿಲ್ಲ, ಇನ್ನೊಂದ್ಸಲ ಹೇಳಿ” ಎಂದರು.

ಹೇಳಿದೆ. “ಅರ್ಥ ಆಗ್ಲಿಲ್ಲ.” ಮತ್ತೆ ಹೇಳಿದೆ, ಸ್ವಲ್ಪ ಗದರಿಯೇ. “ಉಹೂಂ, ಆಗ್ಲಿಲ್ಲ.” ಮೂರನೇ ಸಲ ಬಾಯಿ ತೆರೆದೆ. ತೆರೆದವನು ಆ ಸಾಲನ್ನೇ ಇನ್ನೊಮ್ಮೆ ಓದಿಕೊಂಡೆ. ನನಗೆ ತಿಳಿಯದ ಜಾಗಕ್ಕೆ ಸರಿಯಾಗಿ ನಾಲ್ಕು ಸಂಸ್ಕೃತ ಪದಗಳನ್ನು ಹೊದಿಸಿ ಮಲಗಿಸಿದ್ದೆ. ವಸುಧಾ ಅಡುಗೆಮನೆಯಲ್ಲಿ ನಲ್ಲಿ ನಿಲ್ಲಿಸಿ ಕಿವಿಗೊಟ್ಟಿದ್ದಳು.

“ಸಾರ್, ನಂಗೂ ಅರ್ಥ ಆಗಿಲ್ಲ” ಎಂದೆ.

“ಹಾಂ, ಇದಕ್ಕೇ ಮನೆ ಕೊಟ್ಟಿದ್ದು” ಎಂದು ಅವರು ಕೆಳಗಿಳಿದರು.

ಒಂಬತ್ತನೇ ಬ್ಲಾಕಿನಲ್ಲೂ ಬೂತುಗಳಿದ್ದವು. ಆದರೂ ಮರುದಿನ ಬೆಳಗ್ಗೆ ಬಿ.ಟಿ.ಎಂ.ಗೇ ನಡೆದುಹೋಗಿ ಕಪ್ಪೆಯವರ ನಂಬರು ಕೊಟ್ಟೆ. ಬಸವರಾಜ ಡಯಲು ಮಾಡುತ್ತ ಮರುಕದಿಂದ ನನ್ನ ಮುಖ ನೋಡಿದ.

“ಯಾಕ್ರಿ ಸರ, ಇನ್ನೂ ತಿಳೀಲಿಲ್ಲೇನ್ರಿ?”

“ಇಲ್ಲ ಕಣಯ್ಯಾ” ಎಂದೆ, ಕೆಲಸದಲ್ಲಿರುವವನ ಗತ್ತಿನಿಂದ.