ಊದುಬತ್ತಿ ಹಚ್ಚದ ಮನೆ

ನಮ್ಮ ಮನೆಯ ದೇವರ ಮುಂದೆ ಊದುಬತ್ತಿ ಹಚ್ಚುವುದಿಲ್ಲ. ಬಂದವರು ಮೂಗರಳಿಸಿ ವಾಸನೆ ಹುಡುಕುತ್ತಾರೆ, ಆಮೇಲೆ ನನ್ನ ಮುಖ ನೋಡುತ್ತಾರೆ. ಜೀವಮಾನವೆಲ್ಲ ಊದುಬತ್ತಿಗೆ ಸುಗಂಧ ಬೆರೆಸಿದವನ ಮನೆಯಲ್ಲಿ ದೀಪ, ಹೂವು, ವಿಭೂತಿ ಅಷ್ಟೇ. ಅನ್ನ ಕೊಟ್ಟ ಕಸುಬಿಗೆ ದ್ರೋಹ ಬಗೆದೆ ಎನ್ನುವವರು ಎನ್ನಲಿ. ನಾನು ಬಗೆದ ದ್ರೋಹ ಬೇರೆಯದು.

ತೊಂಬತ್ತರ ದಶಕದ ಕೊನೆ. ವಿದ್ಯಾರಣ್ಯಪುರಂನಲ್ಲಿ ಎರಡು ಕೋಣೆಯ ಮನೆ. ಎಸ್ಸೆಸ್ಸೆಲ್ಸಿ ಮುಗಿಸಿ ಊದುಬತ್ತಿ ಕಾರ್ಖಾನೆ ಸೇರಿದ ನಾನು ಅಷ್ಟು ಹೊತ್ತಿಗೆ ಸುಗಂಧ ಬೆರೆಸುವ ಮೇಸ್ತ್ರಿಯಾಗಿದ್ದೆ. ಕಾರ್ಖಾನೆಯಲ್ಲಿ ಹತ್ತು ವಾಸನೆ ಕೂಡಿರುತ್ತದೆ, ಒಂದನ್ನು ಬೇರೆಯಾಗಿ ತಿಳಿಯಲಾಗದು. ಹಾಗಾಗಿ ಹೊಸ ಮಿಶ್ರಣವನ್ನು ಮನೆಗೆ ತರುತ್ತಿದ್ದೆ. ಸಂಜೆ ಪೂಜೆಯ ಹೊತ್ತಿಗೆ ಕಿಟಕಿ ಮುಚ್ಚಿ, ನಾಲ್ಕು ಕಡ್ಡಿ ಹಚ್ಚಿ, ಆರಿದ ಮೇಲೆ ಪರಿಮಳ ಎಷ್ಟು ಹೊತ್ತು ನಿಲ್ಲುತ್ತದೆಂದು ನೋಡುತ್ತಿದ್ದೆ.

ಏಳು ವರ್ಷದ ಮಗಳಿಗೆ ಉಬ್ಬಸ. ಕೃಷ್ಣಮೂರ್ತಿಪುರಂನ ಮಕ್ಕಳ ಡಾಕ್ಟರು ಬಾಯಿಂದ ಎಳೆದುಕೊಳ್ಳುವ ಔಷಧಿಯ ಪಂಪು ಬರೆದುಕೊಟ್ಟರು. ಬಾಟಲಿಯಂಥ ಉದ್ದನೆಯ ಡಬ್ಬಿಗೆ ಅದನ್ನು ಸಿಕ್ಕಿಸಿ ಹೇಗೆ ಎಳೆದುಕೊಳ್ಳಬೇಕೆಂದು ತೋರಿಸಿದರು. "ಚೆನ್ನಾಗಿದ್ದಾಳೆ ಅಂತ ನಿಮ್ಮಷ್ಟಕ್ಕೆ ನಿಲ್ಲಿಸ್ಬೇಡಿ. ಎಳ್ಕೊಂಡ ಮೇಲೆ ಬಾಯಿ ಮುಕ್ಕಳಿಸ್ಲಿ" ಎಂದರು. ಆಮೇಲೆ ಕೇಳಿದರು: "ಮನೇಲಿ ಹೊಗೆ ಏನಾದ್ರೂ ಇದ್ಯಾ? ಸೌದೆ ಒಲೆ, ಬೀಡಿ, ಗಂಧದ ಕಡ್ಡಿ?"

"ಇಲ್ಲ ಸಾರ್. ಗ್ಯಾಸ್ ಒಲೆ. ನಾನು ಬೀಡಿ ಮುಟ್ಟೋನಲ್ಲ."

ಹೆಂಡತಿ ಸೆರಗಿನ ತುದಿ ತಿರುಚುತ್ತ ಕುಳಿತಿದ್ದಳು. ಹೊರಗೆ ಬಂದ ಮೇಲೆ, "ಗಂಧದ ಕಡ್ಡಿ ಅಂತಾನೂ ಕೇಳುದ್ರು ಕಣ್ರೀ" ಎಂದಳು.

"ಅದೂ ಒಂದು ಹೊಗೆನೇನೇ? ದೇವರ ಮುಂದೆ ಹಚ್ಚೋದು!"

"ದೇವರ ಮುಂದೆ ಹಚ್ಚುದ್ರೆ ನೆಟ್ಟಗೆ ಕೈಲಾಸಕ್ಕೆ ಹೋಗ್ಬುಡುತ್ತಾ? ನಮ್ಮ ಸೂರಿನ ಕೆಳಗೇ ಸುತ್ತುತ್ತೆ."

ನನಗೆ ತಿಳಿದಿರಲಿಲ್ಲವೇ? ತಿಳಿದಿತ್ತು. ಕಾರ್ಖಾನೆಯಲ್ಲಿ ಪುಡಿ ಜರಡಿ ಹಿಡಿಯುವ ಹೆಂಗಸರ ಕೆಮ್ಮು ದಿನವೂ ಕಿವಿಗೆ ಬೀಳುತ್ತಿತ್ತು. ನನ್ನ ಕೈಯಿಂದ ಹುಟ್ಟಿದ ಪರಿಮಳ ನನ್ನ ಮಗುವಿಗೇ ಕೇಡು ಎಂದು ಇನ್ನೊಬ್ಬರ ಎದುರು ಒಪ್ಪಿಕೊಳ್ಳಲು ಮನಸ್ಸಾಗಲಿಲ್ಲ. ಉಬ್ಬಸ ತಗ್ಗದ್ದನ್ನು ಕಂಡು ಪ್ರತಿ ಭೇಟಿಯಲ್ಲೂ ಡಾಕ್ಟರು, ಮಗಳು ಪಂಪು ಸರಿಯಾಗಿ ಎಳೆಯುತ್ತಿಲ್ಲವೇನೋ ಎಂದು ಅನುಮಾನಿಸಿದರು, ಔಷಧಿ ಹೆಚ್ಚಿಸಿದರು. ಸುಳ್ಳು ನನ್ನದು, ಔಷಧಿ ಅವಳಿಗೆ.

ಒಂದು ಸೋಮವಾರ ಸಂಜೆ ಹೊಸ ಮಲ್ಲಿಗೆ ಮಿಶ್ರಣ ಹಚ್ಚಿದ್ದೆ. ಮಗ್ಗಿ ಬರೆಯುತ್ತಿದ್ದ ಮಗಳು ಪೆನ್ಸಿಲ್ ಬಿಟ್ಟು ಮುಂದಕ್ಕೆ ಬಾಗಿದಳು. ಪಂಪು ಕೊಟ್ಟರೂ ಉಬ್ಬಸ ಇಳಿಯಲಿಲ್ಲ. ಮಾತು ಹೊರಡದು, ಪಕ್ಕೆಲುಬುಗಳ ನಡುವೆ ಚರ್ಮ ಒಳಕ್ಕೆ ಸೆಳೆದುಕೊಳ್ಳುತ್ತಿತ್ತು. ನಾನು ಮಲಗಿಸಲು ಹೋದೆ. ಹೆಂಡತಿ ನನ್ನನ್ನು ತಳ್ಳಿ ಅವಳನ್ನು ನೆಟ್ಟಗೆ ಕೂರಿಸಿದಳು. "ನಿಂತ್ಕೋಬೇಡಿ, ಆಟೋ ತನ್ನಿ!"

ಆಸ್ಪತ್ರೆಯಲ್ಲಿ ಮುಖಕ್ಕೆ ಮಾಸ್ಕ್ ಹಾಕಿ ಔಷಧಿಯ ಆವಿ ಕೊಟ್ಟರು. ಉಬ್ಬಸ ಒಂದಿಷ್ಟು ಇಳಿದ ಮೇಲೆ, ಅಲ್ಲಿಗೆ ಬಂದ ಅದೇ ಡಾಕ್ಟರು ಅದೇ ಪ್ರಶ್ನೆ ಕೇಳಿದರು. ನಾನು ಬಾಯಿ ತೆರೆಯುವ ಮೊದಲೇ ಮಗಳು ಮಾಸ್ಕ್ ಸರಿಸಿದಳು.

"ಅಪ್ಪ ದಿನಾ ಹಚ್ತಾರೆ. ನಾಕು ಕಡ್ಡಿ. ಕಿಟಕೀನೂ ಹಾಕ್ತಾರೆ."

ಡಾಕ್ಟರು ನನ್ನನ್ನು ಬೈಯಲಿಲ್ಲ. "ಮಾಸ್ಕ್ ಹಾಕ್ಕೋ ಪುಟ್ಟಿ" ಎಂದು ಅವಳಿಗಷ್ಟೇ ಹೇಳಿದರು. ಬೈದಿದ್ದರೆ ಚೆನ್ನಾಗಿತ್ತು.

ಅಂದಿಗೆ ಮನೆಯಲ್ಲಿ ಕಡ್ಡಿ ನಿಂತಿತು. ಕಾರ್ಖಾನೆಯ ಹಿಂದಿನ ಶೆಡ್ಡಿನಲ್ಲಿ ಪರೀಕ್ಷೆ ಮಾಡಿ, ಸ್ನಾನ ಮಾಡಿ ಬಟ್ಟೆ ಬದಲಿಸಿಯೇ ಮನೆಗೆ ಬರುತ್ತಿದ್ದೆ. ಮೇಸ್ತ್ರಿ ಮಡಿ ಹಿಡಿದಿದ್ದಾನೆ ಎಂದು ಜೊತೆಯವರು ನಕ್ಕರು. ನಗಲಿ. ಉಬ್ಬಸ ಪೂರ್ತಿ ಹೋಗಲಿಲ್ಲ, ಹತೋಟಿಗೆ ಬಂತು.

ಅವಳು ಹೈಸ್ಕೂಲು ಸೇರಿದ ವರ್ಷ ನಜರ್‌ಬಾದಿನಿಂದ ಯುಗಾದಿಗೆ ಬಂದ ನಮ್ಮಕ್ಕ ತಾನೇ ತಂದ ಕಡ್ಡಿ ಕಟ್ಟು ಬಿಚ್ಚಿ ಹಚ್ಚಿಯೇಬಿಟ್ಟಳು.

"ಗಂಧ ಇಲ್ದೆ ಅದ್ಯಾವ ಸೀಮೆ ಪೂಜೆ ಕಣೋ? ಅವಳೂ ಅಷ್ಟೇ, ಎಲ್ಲರ ಮುಂದೆ ಪಂಪು ಹೊಡ್ಕೊಂಡು ಕೂತ್ರೆ ನಾಳೆ ಯಾರು ಮದ್ವೆ ಆಗ್ತಾರೋ?"

ನಾನು ಕಡ್ಡಿಗಳನ್ನು ಕಿತ್ತು ಬಚ್ಚಲಿನ ಬಕೆಟ್ಟಿನಲ್ಲಿ ಅದ್ದಿದೆ. "ದೇವರಿಗೆ ಸಿಟ್ಟು ಬಂದ್ರೆ ನನ್ಮೇಲೆ ಬರ್ಲಿ ಕಣಕ್ಕ. ನಾನು ಇವಳ ಉಸಿರಿಗೇ ಸುಳ್ಳು ಹೇಳಿದೋನು. ಇನ್ನು ನಿನಗೆ ಹೆದರ್ತೀನಾ?"

ಮಗಳು ನಡುಮನೆಯಲ್ಲಿ, ಎಲ್ಲರೆದುರು, ಪಂಪು ಎಳೆದುಕೊಂಡಳು. ಬಾಯಿ ಮುಕ್ಕಳಿಸಿ ಬಂದು ಎಲೆಯ ಮುಂದೆ ಕೂತಳು.

"ಅತ್ತೆ, ಒಬ್ಬಟ್ಟು ಬಡ್ಸಿ."

ಅಕ್ಕ ಎರಡು ಬಡಿಸಿದಳು.