ಪ್ರಚಾರದ ಸೋಮಯ್ಯ

ಆಲೂರಿನ ಸೋಮಯ್ಯ ಒಂದು ಸಣ್ಣ ಪತ್ರಿಕೆಗೆ ಕಾಫಿ ಬೆಲೆ, ಆನೆ ಹಾವಳಿ, ಸೊಸೈಟಿ ಚುನಾವಣೆ ಅಂತ ಬರೆದುಕೊಂಡಿದ್ದ ವರದಿಗಾರ. ಮಾತು ಬಲ್ಲವನಿಗೆ ಜಗಳವಿಲ್ಲ ಅನ್ನುತ್ತಾರೆ. ಈ ಸೋಮಯ್ಯನಿಗೆ ಮಾತೂ ಬೇಕಿತ್ತು, ಜಗಳವೂ ಬೇಕಿತ್ತು. ಕಾರ್ಗಿಲ್ ಯುದ್ಧ ಶುರುವಾದಾಗ ತಾಲ್ಲೂಕಿನಲ್ಲಿ ಪ್ರಚಾರ ಸಮಿತಿ ಮಾಡಿ, ಅವನನ್ನೇ ಮುಖ್ಯಸ್ಥನೆಂದು ಕೂರಿಸಿ, ಒಂದು ಜೀಪು, ಒಂದು ಮೈಕು ಕೊಟ್ಟರು. ಸೋಮಯ್ಯ ಉಬ್ಬಿಹೋದ. ಉಬ್ಬದೆ ಏನು ಮಾಡಿಯಾನು ಪಾಪ? ಅದುವರೆಗೆ ಅವನು ಬರೆದ ಸುದ್ದಿಯಲ್ಲಿ ಜನ ಬೋಂಡ ಕಟ್ಟಿಸಿಕೊಂಡು ಹೋಗುತ್ತಿದ್ದರು. ಈಗ ಅವನ ದನಿ ಕೇಳಿದರೆ ಎಸ್ಟೇಟಿನ ಲೈನುಮನೆಗಳಿಂದ ಆಳುಗಳು ಓಡಿ ಬರುತ್ತಿದ್ದರು.

ಗೆದ್ದ ಸುದ್ದಿ ಮಾತ್ರ ಹೇಳಬೇಕು, ಸತ್ತವರ ಮಾತು ಮೈಕಿಗೆ ಬರಬಾರದು ಎಂದು ಸಮಿತಿಯ ಮೇಲಿನ ಅಧಿಕಾರಿ ತಾಕೀತು ಮಾಡಿದ್ದರು. ಮಗ್ಗೆ ಹಳ್ಳಿಯ ಜಗದಾಂಬಳ ಒಬ್ಬನೇ ಮಗ ಗುರು ಸೈನಿಕನಾಗಿ ಅಲ್ಲಿ ಹಿಮದ ಗುಡ್ಡದಲ್ಲಿದ್ದ. "ನಿಮ್ಮೂರ ಹುಡುಗ ಕ್ಷೇಮವಾಗಿದ್ದಾನೆ" ಎಂದು ಸೋಮಯ್ಯ ಏನೊಂದೂ ಗೊತ್ತಿಲ್ಲದೆ ಸಾರಿಬಿಟ್ಟಿದ್ದ. ಆ ತಾಯಿ ನಂಬಿ ಅವನ ಮನೆಗೆ ಒಂದು ಗೊನೆ ಬಾಳೆಹಣ್ಣು ಕಳಿಸಿದ್ದಳು. ಭಾನುವಾರ ಸಮಿತಿ ಇಟ್ಟುಕೊಂಡಿದ್ದ ದೊಡ್ಡ ಸಭೆಯಲ್ಲಿ ದೀಪ ಹಚ್ಚುವವಳೂ ಅವಳೇ.

ಶನಿವಾರ ಮಧ್ಯಾಹ್ನ ಕಚೇರಿಗೆ ತಂತಿ ಬಂತು. ಗುರು ತೀರಿಕೊಂಡಿದ್ದ.

"ನಾಳೆ ಸಭೆ ಮುಗೀಲಿ ಸೋಮಯ್ಯ, ಆಮೇಲೆ ಹೇಳೋಣ. ಈಗ್ಲೇ ಹೇಳಿದ್ರೆ ಜನದ ಉತ್ಸಾಹ ಬಿದ್ದುಹೋಗುತ್ತೆ" ಎಂದರು ಅಧಿಕಾರಿ.

"ಮಗ ಇಲ್ಲ ಅಂತ ಗೊತ್ತಿದ್ದೂ ಆ ತಾಯಿ ಕೈಲಿ ದೀಪ ಹಚ್ಚಿಸೋದಾ ಸಾರ್? ನನ್ ಕೈಲಾಗಲ್ಲ."

"ಹಂಗಾದ್ರೆ ಜೀಪಿನ ಕೀ ಇಟ್ಟು ಹೋಗಿ."

ಇಟ್ಟ. ಬಸ್ಸು ಹಿಡಿದು ಮಗ್ಗೆಗೆ ಹೊರಟ. ಊರೂರಿಗೆ ಮಾತು ಹಂಚಿದವನಿಗೆ ದಾರಿಯುದ್ದಕ್ಕೂ ಒಂದು ವಾಕ್ಯ ಕೂಡಿಬರಲಿಲ್ಲ.

ಜಗದಾಂಬ ಜಗಲಿಯಲ್ಲಿ ಹುರುಳಿ ಕೇರುತ್ತಿದ್ದಳು. "ಬಾ ತಮ್ಮ, ಒಳಿಕ್ಕೆ ಬಾ. ಕಾಫಿ ಕಾಯಿಸ್ತೀನಿ" ಎಂದಳು. ಸೋಮಯ್ಯ ಬೇಲಿ ದಾಟಲಿಲ್ಲ. ಸಾವಿನ ಸುದ್ದಿ ತಂದವನು ಆ ಮನೆಯೊಳಗೆ ಕಾಲಿಡುವುದಿಲ್ಲ, ನೀರನ್ನೂ ಮುಟ್ಟುವುದಿಲ್ಲ; ಅದು ಆ ಕಡೆಯವರೆಲ್ಲ ಬಲ್ಲ ರೂಢಿ. ಅವಳು ಮತ್ತೊಮ್ಮೆ ಕರೆದಳು. ಅವನು ತಲೆ ತಗ್ಗಿಸಿ ಅಲ್ಲೇ ನಿಂತ. ಅವಳ ಕೈಯಿಂದ ಮೊರ ಜಾರಿತು.

"ಕ್ಷೇಮವಾಗವ್ನೆ ಅಂದಿದ್ಯಲ್ಲ ತಮ್ಮ" ಎಂದಳು.

"ಗೊತ್ತಿಲ್ದೆ ಅಂದ್ಬುಟ್ಟೆ ಅಕ್ಕ. ಇವತ್ತು ಗೊತ್ತಿದ್ದೇ ಬಂದಿವ್ನಿ."

ನೆಂಟರು ಸೇರುವ ತನಕ ಸೋಮಯ್ಯ ಆ ಜಾಗ ಬಿಟ್ಟು ಕದಲಲಿಲ್ಲ. ಸಮಿತಿಯಿಂದ ಅವನ ಹೆಸರು ಹೋಯಿತು, ಮೈಕು ಬೇರೆಯವರ ಕೈಗೆ ಹೋಯಿತು. ಅವನಿಗೆ ಸಂಕಟವಾಯಿತು, ಆದರೆ ಕೇಳಿಕೊಂಡು ಹೋಗಲಿಲ್ಲ.

ಕೆಲವು ದಿನಗಳ ನಂತರ ಅಧಿಕಾರಿ ತಾವೇ ಮಗ್ಗೆಗೆ ಬಂದು, "ಅಮ್ಮ, ನಾಳೆ ನಿಮ್ಮ ಮಗನನ್ನು ಊರಿಗೆ ತರ್ತಾರೆ" ಎಂದರು. ಜಗದಾಂಬ ತಲೆ ಎತ್ತಲಿಲ್ಲ.

"ಸೋಮಯ್ಯ ಬಂದು ಹೇಳ್ಲಿ" ಎಂದಳು.

ಅಧಿಕಾರಿ ಸರ್ಕಾರದ ಕಾಗದ ತೋರಿಸಿದರು, ಬಿಡಿಸಿ ಹೇಳಿದರು. ಅವಳು ಮಿಸುಕಲಿಲ್ಲ. ಕೊನೆಗೆ ಅವರೇ ಆಲೂರಿಗೆ ಹೋಗಿ ಸೋಮಯ್ಯನನ್ನು ಕರೆತಂದರು.